ಮರೆಪ್ಪನ ಗೆಳೆಯನ ಕಾಯಿಲೆ

ಕಮಲಾಪುರದ ಮರೆಪ್ಪನ ಕಥೆ ಹೇಳಬೇಕಾದರೆ ಮೊದಲು ಅವನ ಹಿರಿಯರನ್ನು ದಾಟಿಕೊಂಡೇ ಬರಬೇಕು. ಮುತ್ತಜ್ಜ ಗಿರಿಮಲ್ಲಪ್ಪ, ಜೋಳದ ಚೀಲ ಹೇರಿದ ಬಂಡಿಯ ಅಚ್ಚು ಹಳ್ಳದ ನಡುವೆ ಮುರಿದಾಗ ಗಾಲಿಯ ಜಾಗಕ್ಕೆ ತನ್ನ ಹೆಗಲನ್ನೇ ಕೊಟ್ಟು ಊರ ಅಗಸೆ ಬಾಗಿಲ ತನಕ ತಂದವನು. ಅಜ್ಜ ದೊಡ್ಡ ಮರೆಪ್ಪ, ಎಂಟು ಜನ ಉರುಳಿಸಿಕೊಂಡು ಬಂದ ಗುಂಡುಕಲ್ಲನ್ನು ಶೀಗಿ ಹುಣ್ಣಿಮೆಯ ದಿನ ಒಬ್ಬನೇ ಎದೆಮಟ್ಟ ಎತ್ತಿದವನು. ಅದು ಸಾಲದೆಂದು ಹನ್ನೊಂದು ಮಕ್ಕಳ ತಂದೆಯಾದವನು. (ಹೆತ್ತವಳು ಅಜ್ಜಿ. ಆದರೆ ಮನೆತನದ ಪರಾಕ್ರಮದ ಪಟ್ಟಿಯಲ್ಲಿ ಆಕೆಯ ಹೆಸರು ಎಲ್ಲೂ ಬರುವುದಿಲ್ಲ.) ಅಪ್ಪ ಈರಪ್ಪ ಮೂರು ಬೇಸಿಗೆ ಒಬ್ಬನೇ ಇಳಿದು ಬಾವಿ ತೋಡಿದ. ನೆರೆಯವರು ಸಲಿಕೆ ಹಿಡಿದು ಬಂದರೆ, "ನೀರು ಬಿದ್ದ ಮ್ಯಾಲೆ ಕುಡಿಯಾಕ ಬರ್ರಿ" ಎಂದು ಹಿಂದಕ್ಕೆ ಕಳಿಸಿದ. ಮೂವರದೂ ಒಂದೇ ಗುಣ: ಕೊಂಬೆಯ ತುದಿಯಲ್ಲಿ ಜೋತಾಡುತ್ತಿದ್ದರೂ ಕೆಳಗೆ ನಿಂತವನನ್ನು ಕೈ ಕೊಡು ಎಂದು ಕೇಳದವರು.

ಆ ಗುಂಡುಕಲ್ಲು ಇವತ್ತಿಗೂ ಮರೆಪ್ಪನ ಮನೆಯ ಮುಂದಿನ ಬೇವಿನ ಮರದ ಕೆಳಗೆ ಬಿದ್ದಿದೆ. ಅಜ್ಜನ ನಂತರ ಅದನ್ನು ಯಾರೂ ಎತ್ತಿಲ್ಲ. ಬೆಕ್ಕು ಮಾತ್ರ ಅದರ ಮೇಲೆ ಮಲಗುತ್ತದೆ.

ಅಂಥ ಮನೆತನದ ಮರೆಪ್ಪನಿಗೆ ಈಗ ಐವತ್ತಾರು. ಅಜ್ಜನದೇ ಮೀಸೆ, ಅಪ್ಪನದೇ ಬಾವಿ, ನಾಲ್ಕು ಎಕರೆ ಕೆಂಪು ಬಾಳೆಯ ತೋಟ. ಕಮಲಾಪುರದ ಕೆಂಪು ಬಾಳೆಯ ಹೆಸರು ಸೀಮೆಗೆಲ್ಲ ಗೊತ್ತು. ಆದರೆ ಮರೆಪ್ಪ ಅದನ್ನು ಬರೀ ಹಣ್ಣೆಂದು ಮಾರಿದವನಲ್ಲ. ವಾರಕ್ಕೆ ಮೂರು ದಿನ ಕಲಬುರಗಿಯ ಸೂಪರ್ ಮಾರ್ಕೆಟಿನಲ್ಲಿ ಮಹಾದೇವಪ್ಪನವರ ಬಟ್ಟೆ ಅಂಗಡಿಯ ಎದುರು ಗಾಡಿ ನಿಲ್ಲಿಸಿ, ಮದುವೆ ಜವಳಿಗೆ ಬಂದ ಹುಡುಗರನ್ನು ದೂರದಿಂದಲೇ ಗುರುತು ಹಿಡಿದು ಕರೆಯುತ್ತಿದ್ದ.

"ಬಾ ತಮ್ಮಾ. ಸೂಟು ಹೊಲಿಸಿದ್ರ ಮುಗೀತೇನು? ದಿನಾ ಇದೊಂದು ತಿನ್ನು. ನಮ್ಮ ಮುತ್ಯಾ ಇದನ್ನೇ ತಿಂದು ಹನ್ನೊಂದು ಮಕ್ಕಳ ತಂದಿ ಆದ. ಬ್ಯಾರೆ ಸಾಕ್ಷಿ ಬೇಕಂದ್ರ ನನ್ನ ಮಾರಿ ನೋಡು."

ಹುಡುಗ ನಾಚಿ ನೆಲ ನೋಡುತ್ತಿದ್ದ. ಜೊತೆಗೆ ಬಂದ ಸೋದರಮಾವ ಒಂದು ಡಜನ್ ಕಟ್ಟಿಸಿ, ಯಾರೂ ನೋಡದ ಹಾಗೆ ತನ್ನ ಚೀಲಕ್ಕೂ ನಾಲ್ಕು ಹಾಕಿಸಿಕೊಳ್ಳುತ್ತಿದ್ದ.

ಹೀಗೆ ಊರಿನ ಗಂಡಸರ ತಾಕತ್ತಿಗೆಲ್ಲ ಜಾಮೀನು ನಿಂತವನಿಗೇ ಎಂಟು ತಿಂಗಳಿಂದ ಹಾಸಿಗೆಯಲ್ಲಿ ಗಂಡಸ್ತನ ಕೈಕೊಟ್ಟಿತ್ತು. ಮೊದಲು ದಣಿವು ಎಂದುಕೊಂಡ. ಆಮೇಲೆ ಬಿಸಿಲಿನ ತಲೆಗೆ ಕಟ್ಟಿದ. ಕಲಬುರಗಿ ಸೀಮೆಯ ಬಿಸಿಲು ಎಂಥ ಅಪವಾದವನ್ನಾದರೂ ಹೊರಬಲ್ಲದು. ಆದರೆ ಮಳೆಗಾಲ ಬಂದು ಹೋಯಿತು, ದೀಪಾವಳಿಯ ಹಣತೆ ಹಚ್ಚಿ ಆರಿಸಿದ್ದೂ ಆಯಿತು. ಮರೆಪ್ಪನ ದೇಹದ ಆ ಒಂದು ಇಲಾಖೆ ಮಾತ್ರ ಮುಷ್ಕರಕ್ಕೆ ಕೂತಿದ್ದು ಕೂತೇ ಇತ್ತು.

ಅವನಿಗೆ ಗೊತ್ತಿದ್ದ ಔಷಧಿ ಒಂದೇ. ಊರಿಗೆಲ್ಲ ಹಂಚಿದ್ದನ್ನು ತಾನೂ ಶುರು ಮಾಡಿದ. ದಿನಕ್ಕೆ ಒಂದಿದ್ದ ಕೆಂಪು ಬಾಳೆ ಎರಡಾಯಿತು, ನಾಲ್ಕಾಯಿತು, ಎಂಟಕ್ಕೆ ಬಂದು ನಿಂತಿತು. ಹಣ್ಣು ಏರಿದಷ್ಟೂ ಬಾಯಾರಿಕೆ ಏರಿತು. ತಂಬಿಗೆಗಟ್ಟಲೆ ನೀರು ಕುಡಿದ, ಕುಡಿದದ್ದನ್ನು ಚೆಲ್ಲಿ ಬರಲು ಎದ್ದೆದ್ದು ಹಿತ್ತಲಿಗೆ ಓಡಿದ. ಅಂಗಾಲು ಜುಮುಗುಟ್ಟತೊಡಗಿದಾಗಲಂತೂ ಹಣ್ಣು ಒಳಗೆ ಕೆಲಸ ಮಾಡುತ್ತಿದೆ ಎಂದು ಮೀಸೆ ತೀಡಿದ. (ಮಾಡುತ್ತಲೇ ಇತ್ತು. ಯಾವ ಕೆಲಸ ಎಂಬುದು ಆಮೇಲೆ ತಿಳಿಯಿತು.)

ಈ ನಡುವೆ ಕಪನೂರದ ಹತ್ತಿರ ರಸ್ತೆಬದಿಯ ಗುಡಾರವೊಂದರಲ್ಲಿ, ಗಾಜಿನ ಭರಣಿಗಳ ಹಿಂದೆ ಕೂತವನಿಂದ ಒಂದು ಕರಿ ಪುಡಿಯನ್ನೂ ತಂದ. ಏಳು ದಿನದಲ್ಲಿ ಕುದುರೆಯಾಗುತ್ತೀರಿ ಎಂದಿದ್ದ ಆ ಮಹಾನುಭಾವ. ಕುದುರೆಯಾದದ್ದು ನಿಜ, ಆದರೆ ಪಾಯಖಾನೆಗೆ ಓಡುವ ವಿಷಯದಲ್ಲಿ ಮಾತ್ರ. ಮೂರು ದಿನ ಸೂಗಮ್ಮನ ಕೈಯ ಗಂಜಿ ಕುಡಿದು, ಎದೆ ಡವಡವ ಬಡಿದುಕೊಳ್ಳುವುದು ನಿಂತ ಮೇಲೆ, ಉಳಿದ ಪುಡಿಯನ್ನು ತಿಪ್ಪೆಗೆ ಹಾಕಿದ.

ಸೂಗಮ್ಮ ಎಂದರೆ ಅವನ ಹೆಂಡತಿ. ಮೂವತ್ತು ವರ್ಷದ ಸಂಸಾರ. ಊಟ ಮುಗಿದ ಮೇಲೆ ಮಂಚದ ಅಂಚಿಗೆ ಕೂತು ಎಲೆ ಮಡಚಿ ಗಂಡನ ಕೈಗಿಟ್ಟು, ಆ ದಿನ ಊರಲ್ಲಿ ಯಾರು ಯಾರಿಗೆ ಏನಂದರು ಎಂಬುದನ್ನೆಲ್ಲ ಹೇಳುವುದು, ಅವನು ಹೂಂಗುಟ್ಟುತ್ತ ನಡುನಡುವೆ ಒಂದು ಚಟಾಕಿ ಹಾರಿಸುವುದು, ಇಬ್ಬರೂ ನಗುವುದು. ಮೂವತ್ತು ವರ್ಷ ನಡೆದು ಬಂದಿದ್ದ ಈ ದರಬಾರು ನಿಂತುಹೋಗಿತ್ತು. ಮಾತು ಎಲ್ಲಿ ಹೊರಳಿ ಆ ವಿಷಯಕ್ಕೆ ಬರುತ್ತದೋ ಎಂದು ಹೆದರಿದ ಮರೆಪ್ಪ, ಹಣ್ಣಿಗಿಟ್ಟ ಗೊನೆ ಕಾಯಬೇಕು ಎಂಬ ನೆಪ ತೆಗೆದು ಮಂಚವನ್ನೇ ಪಡಸಾಲೆಗೆ ಒಯ್ದಿದ್ದ.

"ಯಾರಿಂದ ಕಾಯ್ತೀರಿ?" ಎಂದು ಸೂಗಮ್ಮ ಕೇಳಿದ್ದಳು.

"ಮಂಗ್ಯಾಗೋಳಿಂದ."

"ಮಂಗ್ಯಾ ಕತ್ತಲಾದ ಮ್ಯಾಲೆ ಬರ್ತಾವೇನ್ರಿ?"

"ನಮ್ಮೂರ ಮಂಗ್ಯಾಕ್ಕ ಹೊತ್ತಿಲ್ಲ ಗೊತ್ತಿಲ್ಲ."

"ಹಂಗಾದ್ರ ಒಂದು ಮಂಗ್ಯಾ ಈಗಾಗ್ಲೇ ಪಡಸಾಲ್ಯಾಗ ಮಂಚ ಹಾಕ್ಯದ" ಎಂದು ಒಳಗೆ ಹೋಗಿದ್ದಳು. ಆ ದಿನ ಎಲೆ ಮಡಚುವ ಕೈ ಸುಮ್ಮನಿತ್ತು.

ಕಡೆಗೆ ಒಂದು ಸೋಮವಾರ ಮರೆಪ್ಪ ಗಂಜಿ ಹಾಕಿದ ಧೋತರ ಉಟ್ಟು, ಕಿವಿಗೆ ಅತ್ತರಿನ ಹತ್ತಿ ಸಿಕ್ಕಿಸಿ (ಗಂಡಸ್ತನದ ದೂರು ಒಯ್ಯುವವನು ನೋಡಲಿಕ್ಕಾದರೂ ಗಂಡಸಿನ ಹಾಗಿರಬೇಕು ಎಂಬುದು ಅವನ ಸಿದ್ಧಾಂತ) ಶರಣಬಸವೇಶ್ವರರ ದರ್ಶನಕ್ಕೆ ಹೋಗುತ್ತೇನೆಂದು ಬಸ್ಸು ಹತ್ತಿದ. ದರ್ಶನವನ್ನೂ ಮಾಡಿದ, ದೇವರಿಗೆ ಸುಳ್ಳು ಹೇಳುವ ಮನೆತನ ಅವರದಲ್ಲ. ಆಮೇಲೆ ಹಿಂದಿನ ಓಣಿಯಲ್ಲಿದ್ದ ಡಾಕ್ಟರ್ ರಘೂತ್ತಮರ ದವಾಖಾನೆಗೆ, ಟವೆಲ್ಲಿನಿಂದ ಅರ್ಧ ಮುಖ ಮುಚ್ಚಿಕೊಂಡು ಹೊಕ್ಕ.

ಚೀಟಿ ಬರೆಯಲು ಕೂತಿದ್ದ ಸಮೀಕ್ಷಾ ಎಂಬ ಹುಡುಗಿ ಹೆಸರು ಕೇಳಿದಳು. ನಾಲಿಗೆಯ ತುದಿಗೆ ಬಂದ ಅಜ್ಜನ ಹೆಸರನ್ನು ನುಂಗಿಕೊಂಡು, ಈಗಷ್ಟೇ ಕೈ ಮುಗಿದು ಬಂದ ನೆನಪಿನಲ್ಲಿ "ಶಿವಶರಣ" ಅಂದ.

"ವಯಸ್ಸು?"

"ಮೂವತ್ತೈದು."

ಹುಡುಗಿ ಟವೆಲ್ಲಿನಾಚೆ ಇಣುಕುತ್ತಿದ್ದ ಬಿಳಿ ಮೀಸೆಯ ತುದಿಗಳನ್ನು ನೋಡಿದಳು. "ಐವತ್ತೈದು ಅಂತ ಬರೀತೀನ್ರಿ ಕಾಕಾ. ಔಷಧಿ ಸರಿ ಕೊಡಬೇಕಾಗ್ತದ."

ಒಳಗೆ ರಘೂತ್ತಮರು ಕನ್ನಡಕದ ಮೇಲಿಂದ ನೋಡುತ್ತ ಏನು ತ್ರಾಸು ಎಂದರು. ಮನೆಯಲ್ಲಿ ಮರಾಠಿ ಆಡುವವರ ಮೆತ್ತಗಿನ ಕನ್ನಡ ಅವರದು.

"ನನಗಲ್ಲರೀ ಸಾಹೇಬ್ರ. ನನ್ನ ಗೆಳೆಯಾಗ" ಎಂದು ಶುರು ಮಾಡಿದ ಮರೆಪ್ಪ, ಗೆಳೆಯನ ಸಂಕಟವನ್ನು ಸುತ್ತಿ ಬಳಸಿ, ಬೆವರಿ, ಅಂತೂ ಹೇಳಿ ಮುಗಿಸಿದ.

"ಗೆಳೆಯಾರು ತಂಬಾಕು ತಿಂತಾರೇನು?"

"ನಾ ತಿಂದಷ್ಟೇ ತಿಂತಾನ್ರಿ."

"ನೀರಡಿಕಿ ಆಗ್ತದೇನು?"

"ಈಗೂ ಆಗ್ಯದ್ರಿ" ಎಂದು ಮೇಜಿನ ಮೇಲಿದ್ದ ಡಾಕ್ಟರರ ನೀರನ್ನೇ ಎತ್ತಿ ಕುಡಿದ.

"ಅವರ ರಕ್ತ ನೋಡದ ಏನೂ ಹೇಳಲಿಕ್ಕ ಬರಂಗಿಲ್ಲ ನೋಡ್ರಿ."

ಮರೆಪ್ಪ ಅಂಗಿಯ ತೋಳು ಮಡಚಿ ಕೈಯನ್ನು ಮೇಜಿನ ಮೇಲಿಟ್ಟ. "ನಮ್ಮಿಬ್ಬರದೂ ಒಂದೇ ರಕ್ತ ಅಂತ ತಿಳೀರಿ."

ಬೆರಳಿಗೆ ಸೂಜಿ ಚುಚ್ಚಿದರು. ಸಣ್ಣ ಯಂತ್ರ ಕುಯ್ಯೆಂದಿತು. ರಘೂತ್ತಮರು ಅದನ್ನು ಮರೆಪ್ಪನ ಕಡೆ ತಿರುಗಿಸಿದರು. "ಗೆಳೆಯಾರ ಸಕ್ಕರಿ ಮುನ್ನೂರ ಹನ್ನೆರಡು ಅದ. ಅವರು ದಿನಾ ಏನು ತಿಂತಾರ?"

"ಕೆಂಪು ಬಾಳಿಹಣ್ಣು ರಿ. ಎಂಟು. ತಾಕತ್ತಿಗಂತ."

ಡಾಕ್ಟರರು ಕನ್ನಡಕ ತೆಗೆದಿಟ್ಟರು. "ತಾಕತ್ತಿಗೆ ಅಂತ ಯಾರು ಹೇಳಿದರು ಅವರಿಗೆ?"

"ಹಣ್ಣು ಮಾರೋ ಮನುಷ್ಯಾ ಹೇಳ್ಯಾನ್ರಿ."

"ಮೊದಲು ಆ ಮನುಷ್ಯಾನ ಮಾತು ಕೇಳೋದು ಬಿಡಲಿಕ್ಕೆ ಹೇಳ್ರಿ" ಎಂದು ಅವರು ಸಮಾಧಾನದಿಂದ ಬಿಡಿಸಿ ಹೇಳಿದರು. ಹಣ್ಣಿನ ತಪ್ಪಿಲ್ಲ, ಸಕ್ಕರೆ ಕಾಯಿಲೆ ಇದ್ದವನು ಎಂಟು ತಿಂದದ್ದು ತಪ್ಪು. ಈ ಕೆಲಸಕ್ಕೆ ರಕ್ತ ಓಡಿ ಬರಬೇಕು, ನರಗಳು ಸುದ್ದಿ ಮುಟ್ಟಿಸಬೇಕು, ಮನಸ್ಸು ಹೂಂ ಅನ್ನಬೇಕು. ಸಕ್ಕರೆ ಏರಿದರೆ ನರವೂ ಕೆಡುತ್ತದೆ, ರಕ್ತದ ದಾರಿಯೂ ಕೆಡುತ್ತದೆ. ತಂಬಾಕು ಅದೇ ದಾರಿಯನ್ನು ಇನ್ನಷ್ಟು ಕಿರಿದು ಮಾಡುತ್ತದೆ. ಅಷ್ಟಾದ ಮೇಲೆ ಉಳಿದದ್ದನ್ನು ಚಿಂತೆ ಕೆಡಿಸುತ್ತದೆ. "ಹೃದಯದ ರಕ್ತನಾಳ ಕೆಡೋದರ ಮುನ್ಸೂಚನೀನೂ ಇದಾಗಿರಬಹುದು. ಮುಂದಿನ ಸೋಮವಾರ ಎದಿ ಪರೀಕ್ಷಾ ಮಾಡೋಣ. ಅಲ್ಲೀತನಕ ಗೆಳೆಯಾರು ತಂಬಾಕು ಬಿಡಲಿ, ದಿನಾ ನಡೀಲಿ, ಹಣ್ಣು ಮಾರಲಿ, ತಿನ್ನೋದು ಬ್ಯಾಡ. ಮತ್ತ ಬರೋವಾಗ ಹೆಂಡತಿಯವರನ್ನ ಕರಕೊಂಡು ಬರಲಿ. ಇದು ಒಬ್ಬರ ಕಾಯಿಲಿ ಅಲ್ಲ, ಇಬ್ಬರದು."

ಹಣ್ಣು ಮಾರುವ ಸಂಗತಿ ಅವರಿಗೆ ಹೇಗೆ ಗೊತ್ತಾಯಿತೆಂದು ಮರೆಪ್ಪ ಕಮಲಾಪುರದ ತನಕ ಯೋಚಿಸಿದ. ಅಂಗಿಯ ಮೇಲೆ ಬಾಳೆಯ ಕಲೆ ಅಂಗೈ ಅಗಲ ಇತ್ತು.

ಮಾತ್ರೆ ನುಂಗಿದ, ತಂಬಾಕಿನ ಡಬ್ಬಿ ಬಾವಿಗೆ ಎಸೆದ. ಎಲ್ಲ ಮಾಡಿದ, ಹೆಂಡತಿಗೆ ಹೇಳುವುದೊಂದನ್ನು ಬಿಟ್ಟು. ಸೂಗಮ್ಮ ನೋಡಿದಳು: ಗಂಡ ಹಣ್ಣು ಬಿಟ್ಟಿದ್ದಾನೆ, ತಂಬಾಕು ಬಿಟ್ಟಿದ್ದಾನೆ, ಹೊಟ್ಟೆ ಕರಗಿಸಲು ತೋಟಕ್ಕೆ ನಾಲ್ಕು ಸುತ್ತು ಹಾಕುತ್ತಿದ್ದಾನೆ, ಮರು ಸೋಮವಾರ ಮತ್ತೆ ಗಂಜಿಯ ಧೋತರ, ಮತ್ತೆ ಅತ್ತರು.

"ಮೂವತ್ತು ವರ್ಷ ನಾ ಬಾಯಿ ಬಡಕೊಂಡ್ರೂ ತಂಬಾಕು ಬಿಡಲಿಲ್ಲ. ಎಂಟು ದಿನದಾಗ ಬಿಡಿಸಿದಾಕಿ ಯಾರ್ರಿ?"

"ಶರಣಪ್ಪನ ಕೃಪಾ."

"ಆ ಕೃಪಾ ನಾನೂ ನೋಡ್ತೀನಿ, ನಡೀರಿ" ಎಂದು ಚಪ್ಪಲಿ ಮೆಟ್ಟಿದಳು.

ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತರೂ ಇಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಇತ್ತು. ಗುಡಿಯಲ್ಲಿ ಮರೆಪ್ಪ, "ನೀ ಇಲ್ಲೇ ಪ್ರಸಾದ ತೊಗೊಂಡು ಕುಂದರು, ಒಬ್ಬರನ್ನ ಮಾತಾಡ್ಸಿ ಬರ್ತೀನಿ" ಎಂದು ಜಾರಿಕೊಂಡ. ಸೂಗಮ್ಮ ಹತ್ತು ಹೆಜ್ಜೆ ಹಿಂದೆ ಬಂದಳು.

ದವಾಖಾನೆಯ ಹಜಾರದಲ್ಲಿ ಏಳೆಂಟು ಗಂಡಸರು, ಒಬ್ಬೊಬ್ಬರು ಒಂದೊಂದು ಪೇಪರಿನ ಹಿಂದೆ. ಒಬ್ಬ ಪೇಪರನ್ನು ತಲೆಕೆಳಗಾಗಿ ಹಿಡಿದಿದ್ದ. ಮರೆಪ್ಪ ಆಗಲೇ ಎದೆಯ ಪರೀಕ್ಷೆಗೆ ಒಳಗೆ ಹೋಗಿದ್ದ. ಸೂಗಮ್ಮ ಹುಡುಗಿಯ ಮುಂದೆ ನಿಂತಳು.

"ಈಗ ಒಳಗ ಹೋದರಲ್ಲವ್ವಾ ಮೀಸಿಯವರು, ಅವರು ಯಾರನ್ನ ನೋಡಾಕ ಬಂದಾರ?"

"ಶಿವಶರಣ ಕಾಕಾ ಏನ್ರಿ? ಡಾಕ್ಟರನ್ನ. ನೀವು ಶಿವಶರಣ ಅವರ ಮನಿಯವರೇನ್ರಿ? ಬರ್ರಿ, ನಿಮ್ಮನ್ನೂ ಕರಕೊಂಡು ಬರ್ರಿ ಅಂತ ಸಾಹೇಬ್ರು ಹೇಳಿದ್ರು."

ಸೂಗಮ್ಮನ ಮುಖ ಕೆಂಪು ಬಾಳೆಯ ಬಣ್ಣಕ್ಕೆ ತಿರುಗಿತು. "ಯಾಂವ ಶಿವಶರಣ? ಮೂವತ್ತು ವರ್ಷ ಒಬ್ಬರ ಮನಿಯಾಗ ಬಾಳೇ ಮಾಡೀನಿ. ನನ್ನನ್ನ ಯಾವ ಶಿವಶರಣಗ ಗಂಟು ಹಾಕ್ತೀಯವ್ವಾ?"

ಪೇಪರುಗಳೆಲ್ಲ ಒಂದು ಗೇಣು ಕೆಳಗಿಳಿದವು.

"ಸಿಟ್ಟಾಗಬ್ಯಾಡ್ರಿ ಚಿಕ್ಕಮ್ಮ. ಹಂಗಾದ್ರ ನಿಮ್ಮ ಮನಿಯವರ ಹೆಸರೇನ್ರಿ?"

ಇದು ಇನ್ನೊಂದು ಪೇಚು. ಸೂಗಮ್ಮ ಇವತ್ತಿನವರೆಗೆ ಗಂಡನ ಹೆಸರನ್ನು ಬರಿಬಾಯಲ್ಲಿ ಹೇಳಿದವಳಲ್ಲ. ಮದುವೆ ಮನೆಯಲ್ಲಿ, ಬಸುರಿಯ ಕುಬುಸದ ಕಾರ್ಯದಲ್ಲಿ ಹೆಂಗಸರು ಬಾಗಿಲು ತಡೆದು ಕೇಳಿದಾಗ ಒಡಪು ಕಟ್ಟಿ, ಪದ್ಯದೊಳಗೆ ಹೆಸರು ಪೋಣಿಸಿ ಹೇಳಿದ್ದುಂಟು. ಆ ವಿದ್ಯೆಯಲ್ಲಿ ಅವಳನ್ನು ಮೀರಿಸುವವರು ಓಣಿಯಲ್ಲೇ ಇರಲಿಲ್ಲ. ಈಗ ಮಾನದ ಪ್ರಶ್ನೆ. ತಾನು ಯಾರ ಹೆಂಡತಿ ಎಂಬುದು ಈ ಏಳೆಂಟು ಗಂಡಸರ ಮುಂದೆ ಖಚಿತವಾಗಬೇಕು. ಸೆರಗು ಸರಿಪಡಿಸಿ, ಭಜನೆಗೆ ಎತ್ತುವ ದನಿ ಎತ್ತಿದಳು:

"ಕಮಲಾಪುರದ ತೋಟದಾಗ ಕೆಂಪು ಬಾಳಿ ಗೊನಿ,
ಈರಪ್ಪನವರ ಮಗ ಮರೆಪ್ಪನವರು ನನ್ನ ಬಾಳಿನ ತೆನಿ."

ಅದೇ ಹೊತ್ತಿಗೆ ಒಳಬಾಗಿಲು ತೆರೆದು, ಎದೆಯ ಗುಂಡಿ ಬಿಚ್ಚಿಕೊಂಡೇ, ಟವೆಲ್ಲಿಲ್ಲದ ಬರಿ ಮುಖದಲ್ಲಿ ಮರೆಪ್ಪ ಪ್ರತ್ಯಕ್ಷನಾದ. ಮೂಲೆಯ ಪೇಪರು ಕೈಜಾರಿ ಬಿತ್ತು. ಅದರ ಹಿಂದೆ ಸೂಪರ್ ಮಾರ್ಕೆಟಿನ ಬಟ್ಟೆ ಅಂಗಡಿಯ ಮಹಾದೇವಪ್ಪ.

"ಅರೆ, ಬಾಳಿಹಣ್ಣಿನ ಮರೆಪ್ಪ" ಅಂದ ಮಹಾದೇವಪ್ಪ.

"ನೀವು ಇಲ್ಲಿ?" ಅಂದ ಮರೆಪ್ಪ.

"ನನಗಲ್ಲಪ್ಪಾ. ನನ್ನ ಗೆಳೆಯಾಗ."

ರಘೂತ್ತಮರು ಗಂಡಹೆಂಡಿರಿಬ್ಬರನ್ನೂ ಒಳಗೆ ಕೂಡಿಸಿ ಎಲ್ಲವನ್ನೂ ಮತ್ತೊಮ್ಮೆ ಹೇಳಿದರು. ಸೂಗಮ್ಮ ಕೇಳುತ್ತ ಕೇಳುತ್ತ ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆಂದು ಮರೆಪ್ಪ ಗಾಬರಿಯಾದ. ಅವಳು ನಗುತ್ತಿದ್ದಳು.

"ಇಷ್ಟೇ ಏನ್ರಿ? ನಾ ಸೂಪರ್ ಮಾರ್ಕೆಟಿನಾಗ ಯಾವಾಕಿನ್ನೋ ಇಟ್ಟಾರ ಅಂತ ತಿಳಕೊಂಡು ಆಕಿಗೊಂದು ಹೆಸರೂ ಇಟ್ಟಿದ್ದೆ."

"ಏನು ಹೆಸರು?"

"ಮಲ್ಲಿಕಾ. ದಿನಾ ಬೆಳಿಗ್ಗೆ ಎದ್ದು ಆಕಿಗೆ ನಾಕು ಬೈದು ಕಸ ಹೊಡೀತಿದ್ದೆ. ಪಾಪ, ಇಲ್ಲದಾಕಿಗೆ ಎಷ್ಟು ಬೈದೆ."

ನಕ್ಕು ಮುಗಿದ ಮೇಲೆ ಕಣ್ಣು ಒರೆಸಿಕೊಂಡು ಮೆಲ್ಲಗೆ ಅಂದಳು: "ಮಂಚ ಹೊರಗ ಒಯ್ದಿರಿ, ಒಯ್ಯಿರಿ. ಮಾತೂ ಯಾಕ ಹೊರಗ ಒಯ್ದಿರಿ? ಎಲಿ ಮಡಚಿ ಇಟ್ಟು ಎಂಟು ತಿಂಗಳು ಗ್ವಾಡಿ ಜೋಡಿ ಮಾತಾಡೀನಿ."

ಮರೆಪ್ಪನಿಗೆ ಮೀಸೆ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಡಾಕ್ಟರರು ಕಿಟಕಿಯಾಚೆ ಗುಡಿಯ ಶಿಖರವನ್ನು ಬಹಳ ಲಕ್ಷ್ಯಕೊಟ್ಟು ನೋಡಿದರು. ಆಮೇಲೆ ಹೃದಯ ಗಟ್ಟಿಯಾಗಿದೆ ಎಂದರು. ಸಕ್ಕರೆ ಇಳಿಯಲಿ, ಇಬ್ಬರೂ ಕೂಡಿ ನಡೆಯಿರಿ, ಅವಸರ ಬೇಡ. ಬೇಕಾದರೆ ಆಮೇಲೆ ಇದಕ್ಕೆಂದೇ ಇರುವ ಮಾತ್ರೆ ಕೊಡುತ್ತೇನೆ, ಆದರೆ ಅದನ್ನು ಯಾರೋ ಹೇಳಿದರೆಂದು ಅಂಗಡಿಯಿಂದ ತಂದು ನುಂಗಬೇಡಿ, ಎದೆನೋವಿನ ಕೆಲವು ಮಾತ್ರೆಗಳ ಜೊತೆ ಅದು ಜೀವಕ್ಕೇ ಅಪಾಯ ಎಂದೂ ಎಚ್ಚರಿಸಿದರು.

ಬರುವಾಗ ಬಸ್ಸಿನ ಸೀಟಿನಲ್ಲಿ ನಡುವೆ ಜಾಗ ಇರಲಿಲ್ಲ.

ಮಂಚ ಅದೇ ದಿನ ಒಳಗೆ ಬಂತು. ಮಂಗಗಳ ಭಯ ಪೂರ್ತಿ ಹೋಯಿತು. ಬೆಳಿಗ್ಗೆ ಗಂಡಹೆಂಡಿರಿಬ್ಬರೂ ತೋಟದ ಸುತ್ತ ನಡೆಯುವುದು, ಮಾತು ಮುಗಿಯದಿದ್ದರೆ ಇನ್ನೊಂದು ಸುತ್ತು ಹಾಕುವುದು ರೂಢಿಯಾಯಿತು. ಸಕ್ಕರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಉಳಿದದ್ದನ್ನು ಓದುಗರು ಕೇಳಬಾರದು; ಯುಗಾದಿಯ ಬೇವುಬೆಲ್ಲ ತಿನ್ನುವ ಹೊತ್ತಿಗೆ (ಬೆಲ್ಲ ಚಿಟಿಕೆಯಷ್ಟೇ) ಮುಷ್ಕರ ಮುಗಿದು ನೌಕರರು ಕೆಲಸಕ್ಕೆ ಹಾಜರಾಗಿದ್ದರು ಎಂದಷ್ಟೇ ಹೇಳಬಹುದು.

ವ್ಯಾಪಾರ ಹೋದೀತೆಂದು ಹೆದರಿದ್ದವನಿಗೆ ಅಲ್ಲೂ ನಷ್ಟವಾಗಲಿಲ್ಲ. "ರುಚಿಗೆ ತಿನ್ನು ತಮ್ಮಾ, ಒಂದೇ ತಿನ್ನು. ತಾಕತ್ತಿನ ಮಾತು ಡಾಕ್ಟರ ಹತ್ರ ಆಡು" ಎನ್ನತೊಡಗಿದ. ಹಣ್ಣು ಕೊಂಡವರು ಮೆಲ್ಲಗೆ ಬಾಗಿ, ಗೆಳೆಯನಿಗೋಸ್ಕರ ಆ ಡಾಕ್ಟರರ ಓಣಿ ಯಾವುದೆಂದು ಕೇಳುತ್ತಿದ್ದರು. ಕಲಬುರಗಿಯಲ್ಲಿ ಇಷ್ಟೊಂದು ಜನಕ್ಕೆ ಇಷ್ಟೊಂದು ಗೆಳೆಯರಿರುವುದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆದರೆ ದೇಹ ಸರಿಯಾದದ್ದೇ ತಡ, ಅಭಿಮಾನ ಮತ್ತೆ ತಲೆಯೆತ್ತಿತು. ಒಂದು ಸಂಜೆ ಬೇವಿನ ಕೆಳಗೆ ಕೂತು, ಹಣ್ಣಿಗೆ ಬಂದಿದ್ದ ಓಣಿಯ ಚಾಂದಬಿಯ ಮುಂದೆ ನಿಟ್ಟುಸಿರಿಟ್ಟ. ಚಾಂದಬಿಗೆ ಎಂಬತ್ತಾರು, ಊರಿಗೆಲ್ಲ ಅವಳು ಬಡೀಮಾ. ಅವಳ ತಂದೆ ಆ ಕಾಲಕ್ಕೆ ಕಮಲಾಪುರದ ಹಕೀಮರು.

"ಏನೇ ಅನ್ನು ಬಡೀಮಾ, ಮನೆತನಕ್ಕ ನನ್ನಿಂದ ಒಂದು ಕಪ್ಪು ಹತ್ತಿತು. ನಮ್ಮ ಮುತ್ಯಾ ಯಾವ ದವಾಖಾನಿ ಬಾಗಿಲಾ ತುಳಿದಾಂವಲ್ಲ."

ಚಾಂದಬಿ ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದವಳು ನಿಲ್ಲಿಸಿದಳು. "ಯಾರು, ದೊಡ್ಡ ಮರೆಪ್ಪ ಏನು ಬೇಟಾ? ಶುಕ್ರವಾರಕ್ಕೊಮ್ಮೆ ತಲಿಮ್ಯಾಲೆ ಕಂಬಳಿ ಹೊದ್ದು ನಮ್ಮ ಹಿತ್ತಲ ಬಾಗಿಲಿಂದ ಬರ್ತಿದ್ದ. ನಾ ಸಣ್ಣಾಕಿ, ನಾನೇ ಚಿಲಕ ತೆಗೀತಿದ್ದೆ. 'ನನಗಲ್ಲ ಹಕೀಮ್ ಸಾಬ್, ನನ್ನ ಗೆಳೆಯಾಗ' ಅಂತಿದ್ದ. ನಮ್ಮ ಅಬ್ಬಾ ಪುಡಿ ಕೊಟ್ಟು, ಇಲ್ಲೇ ನುಂಗು, ನಿನ್ನ ಗೆಳೆಯಾಗ ಮುಟ್ಟತದ ಅಂತಿದ್ದರು."

ಅಲ್ಲೇ ಕೂತು ತೊಗರಿಬೇಳೆ ಆರಿಸುತ್ತಿದ್ದ ಸೂಗಮ್ಮ ಮೊರವನ್ನು ಪಕ್ಕಕ್ಕಿಟ್ಟಳು. ಇಂಥ ಮಾತು ಕೇಳುವಾಗ ಎರಡೂ ಕೈ ಬಿಡುವಾಗಿರಬೇಕು.

"ಕಲ್ಲು ಎತ್ತಿದ್ದು?" ಎಂದ ಮರೆಪ್ಪನ ದನಿ ಸಣ್ಣಗಾಗಿತ್ತು.

"ಎತ್ತಿದ್ದು ಖರೆ. ಆಮ್ಯಾಲೆ ಎಂಟು ದಿನ ಅಂಗಾತ ಬಿದ್ದಿದ್ದೂ ಖರೆ. ಬೆನ್ನಿಗೆ ಎಣ್ಣಿ ತಿಕ್ಕಿದಾಂವ ನಮ್ಮ ಅಬ್ಬಾನೇ. ಯಾರಿಗೂ ಹೇಳಬ್ಯಾಡ್ರಿ ಅಂತ ಅಂದಿದ್ದ. ಎಪ್ಪತ್ತು ವರ್ಷಕ್ಕ ಮ್ಯಾಲಾತು, ನಾ ಯಾರಿಗೂ ಹೇಳಿಲ್ಲ."

ಮರೆಪ್ಪ ಎದ್ದು ನಿಂತ. ಒಂದೇ ಸಂಜೆಯಲ್ಲಿ ಮೂರು ತಲೆಮಾರಿನ ಹೆಮ್ಮೆ ಕುಸಿಯುವುದನ್ನು ಯಾವ ಗಂಡಸು ನೋಡುತ್ತ ಕೂರಬಲ್ಲ? ಎಷ್ಟಾದರೂ ಈಗ ತಂಬಾಕಿಲ್ಲದ ಮೈ, ದಿನಾ ನಡೆದ ಕಾಲು. ಧೋತರದ ಕಚ್ಚೆ ಬಿಗಿದು, ಬೆಕ್ಕನ್ನು ಓಡಿಸಿ, ಬಾಗಿ, ಗುಂಡುಕಲ್ಲಿಗೆ ಎರಡೂ ಕೈ ಹಾಕಿ ಹೂಂ ಎಂದು ಎತ್ತಿದ. ಕಲ್ಲು ಇದ್ದಲ್ಲೇ ಇತ್ತು. ಸೊಂಟದಲ್ಲಿ ಏನೋ ಕಟಕ್ ಎಂದಿತು. ಮರೆಪ್ಪ ಬಾಗಿದವನು ಬಾಗಿದಂತೆಯೇ ಉಳಿದ, ಮೂಗು ಕಲ್ಲಿಗೆ ಒಂದು ಗೇಣು ದೂರ.

ಬೆಕ್ಕು ತಿರುಗಿ ಬಂದು ಕಲ್ಲಿನ ಮೇಲೆ ಕೂತು ಅವನ ಮುಖ ನೋಡಿತು.

"ಏನಾತ್ರಿ? ಕೈ ಹಿಡೀಲೇನು?" ಎಂದು ಸೂಗಮ್ಮ ಧಾವಿಸಿದಳು.

"ನನ್ನ ಮಗ ನಬಿಸಾಬನ್ನ ಕರೀಲೇನು ಬೇಟಾ? ಮನ್ಯಾಗೇ ಅದಾನ. ಅಬ್ಬಾನ ಎಣ್ಣಿ ಶೀಶೆನೂ ಅದ" ಅಂದಳು ಚಾಂದಬಿ.

ಮರೆಪ್ಪ ಕತ್ತು ಎತ್ತಲಾಗದೆ, ಕಲ್ಲಿಗೇ ಹೇಳುವವನ ಹಾಗೆ ಹೇಳಿದ:

"ಯಾರೂ ಬರಬ್ಯಾಡ್ರಿ. ನನಗೇನೂ ಆಗಿಲ್ಲ. ಈ ಕಲ್ಲಿನ ಮ್ಯಾಲೆ ಮುತ್ಯಾ ಏನರ ಬರಸ್ಯಾನೇನಂತ ಓದಾಕತ್ತೀನಿ. ನೀವು ಒಳಗ ಹೋಗಿ ಚಹಾ ಕುಡೀರಿ, ಸಕ್ಕರಿ ಇಲ್ಲದ್ದು ನನಗೊಂದಿಷ್ಟು ಇಲ್ಲೇ ನೆಲದ ಮ್ಯಾಲೆ ಇಟ್ಟು ಹೋಗ್ರಿ. ಓದಿ ಮುಗಿದ ಮ್ಯಾಲೆ ನಾನೇ ಬರ್ತೀನಿ."